ಯಾವ ಟೆಲಿಕಾಂ ಕಂಪನಿ ಯಾರ ಕೈ ಹಿಡಿಯುತ್ತದೆ? ಮನೆಯಲ್ಲೇ ಕೂತು ಊಹಿಸುವುದು ಹೀಗೆ

ಟೆಲಿಕಾಂ ಅಂದರೆ ಅಂತೆ ಕಂತೆಗಳ ಸಂತೆ. ಇವರು ಅವರ ಜೊತೆ ಸೇರುತ್ತಾರಂತೆ, ಅವರ ಪಾಲು ಇವರು ಕೊಳ್ಳುತ್ತಾರಂತೆ, ಉಪಗ್ರಹದವರು ಟವರ್‌ನವರ ಬಾಗಿಲು ತಟ್ಟಿದ್ದಾರಂತೆ. ಇದರಲ್ಲಿ ಯಾವುದು ಆಗುತ್ತದೆ, ಯಾವುದು ಗಾಳಿಗೆ ಹೋಗುತ್ತದೆ ಅಂತ ಹೊರಗಿನವರೂ ಅಂದಾಜು ಮಾಡಬಹುದು. ಒಳಗಿನ ಸುದ್ದಿ ಬೇಕಾಗಿಲ್ಲ. ಬಾಸ್‌ಗಳು ವೇದಿಕೆ ಮೇಲೆ ಏನು ಹೇಳಿದರು ಅನ್ನುವುದನ್ನು ಪಕ್ಕಕ್ಕಿಟ್ಟು, ಯಾರ ಬಳಿ ಏನಿಲ್ಲ ಅನ್ನುವುದನ್ನು ಮಾತ್ರ ನೋಡಬೇಕು. ಅಷ್ಟೇ ವಿದ್ಯೆ.

ಇಲ್ಲಿ ಹೆಚ್ಚಾಗಿ ನೋಡುವುದು ಹೈಬ್ರಿಡ್ ಜೋಡಿಗಳನ್ನು. ಹೈಬ್ರಿಡ್ ಅಂದರೆ ಇಷ್ಟೇ: ಒಂದೇ ಗ್ರಾಹಕನಿಗೆ ಎರಡು ಬೇರೆ ತಂತ್ರಜ್ಞಾನದಿಂದ ಸಂಪರ್ಕ ಕೊಡುವುದು. 2010ರಲ್ಲಿ ಅಮೆರಿಕದ ಸ್ಪ್ರಿಂಟ್ ಕಂಪನಿ ಮಾತಿಗೆ ಸಿಡಿಎಂಎ ಅನ್ನುವ ಹಳೆಯ ಮೊಬೈಲ್ ತಂತ್ರಜ್ಞಾನ, ಇಂಟರ್ನೆಟ್‌ಗೆ ವೈಮ್ಯಾಕ್ಸ್ ಅನ್ನುವ ಹೊಸದು ಇಟ್ಟುಕೊಂಡಿತ್ತು. ಈಗ ಟವರ್ ಜೊತೆ ಉಪಗ್ರಹ ಸೇರಿಸುವ ಕಾಲ. ಎರಡೂ ಒಬ್ಬರ ಕೈಯಲ್ಲೇ ಇರುವುದು ಅಪರೂಪ. ಹಾಗಾಗಿ ಈ ಜಾಗದಲ್ಲಿ ಜೋಡಿಗಳು ಜಾಸ್ತಿ, ಜೋಡಿ ಮುರಿಯುವುದೂ ಜಾಸ್ತಿ.

ಮೊದಲು ಸ್ಪೆಕ್ಟ್ರಂ ಪಟ್ಟಿ ಬರೆದುಕೊಳ್ಳಿ

ಸ್ಪೆಕ್ಟ್ರಂ ಅಂದರೆ ಫೋನ್ ಸಂಕೇತ ಸಾಗುವ ರೇಡಿಯೋ ತರಂಗಗಳು, ಬ್ಯಾಂಡ್ ಅಂದರೆ ಅದರ ಒಂದು ತುಂಡು, ಸರ್ಕಲ್ ಅಂದರೆ ಟೆಲಿಕಾಂ ಲೈಸೆನ್ಸ್‌ಗಾಗಿ ದೇಶವನ್ನು ಹಂಚಿದ ವಲಯ. ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಸರ್ಕಲ್‌ಗಳ ಹೆಸರು, ಮೇಲೆ ಕಂಪನಿಗಳ ಹೆಸರು. ಹರಾಜು ಮುಗಿದ ಮೇಲೆ ಯಾರಿಗೆ ಎಲ್ಲಿ ಯಾವ ಬ್ಯಾಂಡ್ ಸಿಕ್ಕಿತು ಅನ್ನುವುದನ್ನು ದೂರಸಂಪರ್ಕ ಇಲಾಖೆ ಪ್ರಕಟಿಸುತ್ತದೆ. ಅದನ್ನು ನೋಡಿ ಮನೆಗಳನ್ನು ತುಂಬಿಸಿ. ತುಂಬಿದ ಮನೆಗಳಿಗಿಂತ ಖಾಲಿ ಮನೆಗಳ ಮೇಲೆ ಕಣ್ಣಿಡಿ.

ನಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. 2010ರ 3ಜಿ ಹರಾಜಿನಲ್ಲಿ ಸರ್ಕಾರಕ್ಕೆ ₹67,719 ಕೋಟಿ ಬಂತು, ಆದರೆ ಯಾವ ಖಾಸಗಿ ಕಂಪನಿಗೂ 22 ಸರ್ಕಲ್ ಪೂರ್ತಿ ಸಿಗಲಿಲ್ಲ. ಏರ್‌ಟೆಲ್‌ಗೆ 13, ಐಡಿಯಾಗೆ 11, ವೊಡಾಫೋನ್‌ಗೆ 9. ಕರ್ನಾಟಕದ ಸಾಲು ನೋಡಿ: ಏರ್‌ಟೆಲ್, ಟಾಟಾ, ಏರ್‌ಸೆಲ್. ವೊಡಾಫೋನ್ ಇಲ್ಲ, ಐಡಿಯಾ ಇಲ್ಲ. ಆದರೂ ಬೆಂಗಳೂರಿನಲ್ಲಿ ವೊಡಾಫೋನ್ ಸಿಮ್ ಇದ್ದವರಿಗೆ 3ಜಿ ಕೊಡಲೇಬೇಕು, ಇಲ್ಲದಿದ್ದರೆ ಜಾಸ್ತಿ ಬಿಲ್ ಕಟ್ಟುವ ಗ್ರಾಹಕರೇ ಮೊದಲು ಹೋಗುತ್ತಾರೆ. ಅತ್ತ ಗುಜರಾತಿನಲ್ಲಿ ವೊಡಾಫೋನ್, ಐಡಿಯಾ ಇಬ್ಬರಿಗೂ ಇತ್ತು, ಏರ್‌ಟೆಲ್‌ಗೆ ಇರಲಿಲ್ಲ. ಮೂವರ ಪಟ್ಟಿಯನ್ನು ಒಂದರ ಮೇಲೊಂದು ಇಟ್ಟರೆ ಬಹುಪಾಲು ದೇಶವೇ ತುಂಬುತ್ತಿತ್ತು. ಇವರು ದಿನಾ ಟಿವಿ ಜಾಹೀರಾತಿನಲ್ಲಿ ಒಬ್ಬರ ಮೇಲೊಬ್ಬರು ಹಲ್ಲು ಮಸೆಯುತ್ತಿದ್ದವರೇ. ಆದರೂ ಒಬ್ಬರ ಜಾಲದಲ್ಲಿ ಇನ್ನೊಬ್ಬರ ಗ್ರಾಹಕ ಓಡಾಡುವ ರೋಮಿಂಗ್ ಒಪ್ಪಂದ ಮಾಡಿಕೊಂಡರು. 2011ರ ಕೊನೆಯಲ್ಲಿ ಇಲಾಖೆ ನಿಲ್ಲಿಸಿ ಅಂದಿತು, ಜಗಳ ದೂರಸಂಪರ್ಕ ನ್ಯಾಯಮಂಡಳಿಗೆ ಹೋಯಿತು, 2014ರ ಏಪ್ರಿಲ್‌ನಲ್ಲಿ ಕಂಪನಿಗಳ ಪರ ತೀರ್ಪು ಬಂತು. ಇವರು ಮೊದಲೇ ಟವರ್ ಹಂಚಿಕೊಳ್ಳಲು 2007ರಲ್ಲಿ ಇಂಡಸ್ ಟವರ್ಸ್ ಕಟ್ಟಿದ್ದವರು ಅನ್ನುವುದನ್ನೂ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಿ. ಹಿಂದೆ ಒಮ್ಮೆ ಒಟ್ಟಿಗೆ ಕೂತು ಲೆಕ್ಕ ಹಾಕಿದವರು ಎರಡನೇ ಸಲ ಬೇಗ ಕೂರುತ್ತಾರೆ.

2010ರಲ್ಲೇ ನಡೆದ ಬ್ರಾಡ್‌ಬ್ಯಾಂಡ್ ಸ್ಪೆಕ್ಟ್ರಂ ಹರಾಜು ಇನ್ನೂ ಸ್ಪಷ್ಟವಾದ ಪಾಠ. 2300 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಏರ್‌ಟೆಲ್‌ಗೆ ಸಿಕ್ಕಿದ್ದು ಕರ್ನಾಟಕ, ಮಹಾರಾಷ್ಟ್ರ, ಪಂಜಾಬ್, ಕೋಲ್ಕತಾ. ಕ್ವಾಲ್‌ಕಾಮ್‌ಗೆ ಸಿಕ್ಕಿದ್ದು ದಿಲ್ಲಿ, ಮುಂಬೈ, ಹರಿಯಾಣ, ಕೇರಳ. ಒಂದೂ ಎರಡೂ ಕಡೆ ಇಲ್ಲ, ನೋಡಿ. ಜೊತೆಗೆ ಕ್ವಾಲ್‌ಕಾಮ್ ಮೊಬೈಲ್ ಸೇವೆ ಕೊಡುವ ಕಂಪನಿಯೇ ಅಲ್ಲ, ಚಿಪ್ ಮಾಡುವವರು. ಅವರಿಗೆ ಬೇಕಿದ್ದದ್ದು ಭಾರತ ವೈಮ್ಯಾಕ್ಸ್ ಕಡೆ ವಾಲದೆ ಅದರ ಎದುರಾಳಿ 4ಜಿ ತಂತ್ರಜ್ಞಾನ ಎಲ್‌ಟಿಇ ಕಡೆ ಬರಬೇಕು ಅನ್ನುವುದು. ಆ ಕೆಲಸ ಆದ ಮೇಲೆ ಅವರು ಯಾರಿಗಾದರೂ ಕೊಟ್ಟು ಹೊರಡುವವರೇ. ಯಾರಿಗೆ? ಹಾಳೆ ನೋಡಿದರೆ ಉತ್ತರ ಅಲ್ಲೇ ಇದೆ. 2012ರ ಮೇ ತಿಂಗಳಲ್ಲಿ ಏರ್‌ಟೆಲ್ 16.5 ಕೋಟಿ ಡಾಲರ್ ಕೊಟ್ಟು ಕ್ವಾಲ್‌ಕಾಮ್‌ನ ಆ ವ್ಯವಹಾರದಲ್ಲಿ 49% ಪಾಲು ಕೊಂಡಿತು. ಅದೇ ತಿಂಗಳು ಬೆಂಗಳೂರಿನಲ್ಲಿ ಏರ್‌ಟೆಲ್ 4ಜಿ ಶುರುವಾಗಿತ್ತು.

ಇನ್ನೊಂದು ಸುಳಿವು ಇದೇ ಹರಾಜಿನಿಂದ. ಹೆಸರೇ ಕೇಳದ ಸಣ್ಣ ಕಂಪನಿ ತನ್ನ ಗಾತ್ರಕ್ಕೆ ಹೊಂದದಷ್ಟು ದೊಡ್ಡ ಮೊತ್ತ ಕೂಗಿದರೆ, ಹಿಂದೆ ಯಾರೋ ಇದ್ದಾರೆ ಅಂತ ಅರ್ಥ. ಇನ್ಫೋಟೆಲ್ ಬ್ರಾಡ್‌ಬ್ಯಾಂಡ್ ಒಂದೇ ಇಡೀ ದೇಶಕ್ಕೆ ಸ್ಪೆಕ್ಟ್ರಂ ಗೆದ್ದಿತು, ಬೆಲೆ ಸುಮಾರು ₹12,848 ಕೋಟಿ. ಹರಾಜು ಮುಗಿದ ದಿನವೇ ರಿಲಯನ್ಸ್ ಇಂಡಸ್ಟ್ರೀಸ್ ₹4,800 ಕೋಟಿಗೆ ಅದರ 95% ಪಾಲು ಕೊಳ್ಳುವುದಾಗಿ ಹೇಳಿತು. ಇವತ್ತಿನ ಜಿಯೋ ಅದೇ ಕಂಪನಿ.

ಆಮೇಲೆ ದುಡ್ಡು ಯಾವಾಗ ಖಾಲಿಯಾಗುತ್ತದೆ ನೋಡಿ

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಈ ಗಾದೆಗೆ ಅಮೆರಿಕದ ಕ್ಲಿಯರ್‌ವೈರ್‌ಗಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ. ಊಹೆ ಮಾಡುವುದನ್ನು ಕಲಿಯುವವರು ಈ ಒಂದು ಕಥೆಯನ್ನು ತಾರೀಕಿನ ಪ್ರಕಾರ ಓದಿದರೆ ಸಾಕು, ಮುಕ್ಕಾಲು ಪಾಠ ಮುಗಿಯಿತು.

ಕ್ರೇಗ್ ಮೆಕಾ 2003ರಲ್ಲಿ ಶುರು ಮಾಡಿದ ಕಂಪನಿ ಅದು. ಕೈಯಲ್ಲಿ 2.5 ಗಿಗಾಹರ್ಟ್ಸ್ ಬ್ಯಾಂಡಿನ ಸ್ಪೆಕ್ಟ್ರಂ ರಾಶಿ. 2005ರಲ್ಲಿ ನೆಕ್ಸ್‌ಟೆಲ್ ಅನ್ನು ಸೇರಿಸಿಕೊಂಡ ಸ್ಪ್ರಿಂಟ್ ಕೈಯಲ್ಲೂ ಅದೇ ಬ್ಯಾಂಡ್. ಇಬ್ಬರೂ ವೈಮ್ಯಾಕ್ಸ್ ನಂಬಿದವರು. 2007ರ ಜುಲೈನಲ್ಲಿ ಜಾಲ ಹಂಚಿಕೊಳ್ಳುವ ಒಪ್ಪಂದಕ್ಕೆ ಪತ್ರ ಬರೆದುಕೊಂಡರು. ಅಕ್ಟೋಬರ್‌ನಲ್ಲಿ ಸ್ಪ್ರಿಂಟ್ ಮುಖ್ಯಸ್ಥ ಗ್ಯಾರಿ ಫೋರ್ಸಿ ಹೊರಬಿದ್ದರು. ನವೆಂಬರ್‌ನಲ್ಲಿ ಒಪ್ಪಂದವೂ ಬಿತ್ತು. ಆಗ ‘ಮುಗೀತು’ ಅಂದವರು ಬಾಸ್ ಬದಲಾದದ್ದನ್ನು ಮಾತ್ರ ನೋಡಿದರು, ಸ್ಪೆಕ್ಟ್ರಂ ಪಟ್ಟಿ ಬದಲಾಗಿಲ್ಲ ಅನ್ನುವುದನ್ನು ನೋಡಲಿಲ್ಲ. ಆರು ತಿಂಗಳಲ್ಲಿ, 2008ರ ಮೇ ತಿಂಗಳಲ್ಲಿ, ಇನ್ನೂ ದೊಡ್ಡದಾಗಿ ಅದೇ ಜೋಡಿ ಬಂತು. ಹೊಸ ಕ್ಲಿಯರ್‌ವೈರ್‌ನಲ್ಲಿ ಸ್ಪ್ರಿಂಟ್‌ಗೆ ಸುಮಾರು 51%, ಹೊರಗಿನಿಂದ 320 ಕೋಟಿ ಡಾಲರ್. ಕಾಮ್‌ಕಾಸ್ಟ್ 105 ಕೋಟಿ, ಇಂಟೆಲ್ 100 ಕೋಟಿ, ಟೈಮ್ ವಾರ್ನರ್ ಕೇಬಲ್ 55 ಕೋಟಿ, ಗೂಗಲ್ 50 ಕೋಟಿ, ಬ್ರೈಟ್ ಹೌಸ್ 10 ಕೋಟಿ.

ಈ ಹೆಸರುಗಳ ಮುಂದೆ ‘ಇವರಿಗೆ ಏನು ಬೇಕು’ ಅಂತ ಬರೆಯುವುದು ಅಭ್ಯಾಸ ಮಾಡಿಕೊಳ್ಳಿ. ಕಾಮ್‌ಕಾಸ್ಟ್, ಟೈಮ್ ವಾರ್ನರ್, ಬ್ರೈಟ್ ಹೌಸ್ ಈ ಕೇಬಲ್ ಕಂಪನಿಗಳಿಗೆ ಸ್ವಂತ ಮೊಬೈಲ್ ಸೇವೆ ಇರಲಿಲ್ಲ, ಅದು ಬೇಕು. ಇಂಟೆಲ್‌ಗೆ ವೈಮ್ಯಾಕ್ಸ್ ಚಿಪ್ ಮಾರಬೇಕು. ಗೂಗಲ್‌ಗೆ ದೂರವಾಣಿ ಕಂಪನಿಗಳ ಹಿಡಿತದ ಹೊರಗೆ ಇನ್ನೊಂದು ದಾರಿ ಬೇಕು. ಸ್ಪ್ರಿಂಟ್‌ಗೆ ಬೇರೆಯವರ ದುಡ್ಡಲ್ಲಿ 4ಜಿ ಬೇಕು. ಜಾಲ ಕಟ್ಟಿ ಮುಗಿಸುವುದೇ ಗುರಿಯಾಗಿದ್ದ ಪಾಲುದಾರ ಇದರಲ್ಲಿ ಎಲ್ಲಿದ್ದಾನೆ? ಒಬ್ಬನೂ ಇಲ್ಲ ಅಲ್ವಾ. ಹೆಸರು ದೊಡ್ಡದಾದಷ್ಟೂ ಒಪ್ಪಂದ ಗಟ್ಟಿ ಅಂತ ತಿಳಿಯಬೇಡಿ. ದುಡ್ಡು ಹಾಕಿದವರು ಬೇರೆ ಬೇರೆ ಕಾರಣಕ್ಕೆ ಹಾಕಿದ್ದರೆ, ಎರಡನೇ ಸುತ್ತು ದುಡ್ಡು ಕೇಳಿದಾಗ ಒಬ್ಬೊಬ್ಬರು ಒಂದೊಂದು ಕಡೆ ನೋಡುತ್ತಾರೆ.

ಹಾಗೇ ಆಯಿತು. 2010ರ ನವೆಂಬರ್‌ನಲ್ಲಿ ಕ್ಲಿಯರ್‌ವೈರ್ ತನ್ನ ಲೆಕ್ಕಪತ್ರದಲ್ಲೇ, ಹೊಸ ಬಂಡವಾಳ ಬರದಿದ್ದರೆ ಮುಂದೆ ನಡೆಯುವುದೇ ಅನುಮಾನ ಅಂತ ಎಚ್ಚರಿಸಿ 15% ನೌಕರರನ್ನು ತೆಗೆಯಿತು. ನೀವು ಹುಡುಕಬೇಕಾದ ಸಾಲು ಇದೇ. ಪತ್ರಿಕಾ ಹೇಳಿಕೆಯ ಮೊದಲ ಪುಟದಲ್ಲಿ ಅದು ಇರುವುದಿಲ್ಲ. ಷೇರುಪೇಟೆಗೆ ಸಲ್ಲಿಸಿದ ದಾಖಲೆಯ ಟಿಪ್ಪಣಿಗಳಲ್ಲಿ, ಅಪಾಯಗಳು ಅನ್ನುವ ಭಾಗದಲ್ಲಿ, ಓದಲು ಬೇಜಾರಾಗುವ ಭಾಷೆಯಲ್ಲಿ ಇರುತ್ತದೆ. ಅದು ಕಂಡ ದಿನದಿಂದ ಆ ಕಂಪನಿ ಬಗ್ಗೆ ಬರುವ ಪಾಲುದಾರಿಕೆ ಸುದ್ದಿಗಳ ತೂಕ ಬೇರೆ. ಅಲ್ಲಿವರೆಗೆ ಅದು ಆಯ್ಕೆ ಮಾಡುವ ಕಂಪನಿ, ಆಮೇಲೆ ಕೈ ಚಾಚುವ ಕಂಪನಿ.

ಇದರ ಜೊತೆಗೆ ತಂತ್ರಜ್ಞಾನದಲ್ಲಿ ಒಂದು ಕಾಲು ಆಚೆ ಇಡುವುದು ಕಂಡರೆ ಇನ್ನೂ ಒಳ್ಳೆಯ ಸುಳಿವು. 2010ರ ಆಗಸ್ಟ್‌ನಲ್ಲೇ ಕ್ಲಿಯರ್‌ವೈರ್ ಫೀನಿಕ್ಸ್ ನಗರದಲ್ಲಿ ಎಲ್‌ಟಿಇ ಪ್ರಯೋಗ ಮಾಡುವುದಾಗಿ ಹೇಳಿತ್ತು. ವೈಮ್ಯಾಕ್ಸ್ ಮಾರುತ್ತಿರುವವರು ಎಲ್‌ಟಿಇ ಯಾಕೆ ಪರೀಕ್ಷೆ ಮಾಡಬೇಕು? ತಮ್ಮ ಸ್ಪೆಕ್ಟ್ರಂ ಇನ್ನೊಬ್ಬರ ಜಾಲಕ್ಕೂ ಹೊಂದುತ್ತದೆ ಅಂತ ಕೊಳ್ಳುವವರಿಗೆ ತೋರಿಸಲು. ಪ್ರಯೋಗ ಅನ್ನುವುದು ಇಲ್ಲಿ ಅಂಗಡಿ ಮುಂದಿನ ಬೋರ್ಡು.

ಕೊನೆಗೆ ಏನಾಯಿತು ಅಂದರೆ, 2012ರ ಕೊನೆಯಲ್ಲಿ ಸ್ಪ್ರಿಂಟ್ ಉಳಿದ ಪಾಲಿಗೆ ಷೇರಿಗೆ 2.97 ಡಾಲರ್ ಅಂದಿತು. ಡಿಶ್ ಅನ್ನುವ ಉಪಗ್ರಹ ಟಿವಿ ಕಂಪನಿ 3.30 ಅಂದಿತು, ಸ್ಪ್ರಿಂಟ್ 3.40, ಡಿಶ್ 4.40, ಸ್ಪ್ರಿಂಟ್ 5 ಡಾಲರ್. 2013ರ ಜುಲೈನಲ್ಲಿ ವ್ಯವಹಾರ ಮುಗಿಯಿತು, ಅದೇ ತಿಂಗಳು ಸ್ಪ್ರಿಂಟ್ ಅನ್ನು ಜಪಾನಿನ ಸಾಫ್ಟ್‌ಬ್ಯಾಂಕ್ ಕೊಂಡಿತು. ಇದನ್ನು ಕೇಳಿ ಷೇರು ತೆಗೆದುಕೊಳ್ಳಲು ಓಡುವವರಿಗೆ ಒಂದು ಮಾತು: ಇದೇ ಷೇರು 2007ರ ಮಾರ್ಚ್‌ನಲ್ಲಿ ಪೇಟೆಗೆ ಬಂದಾಗ ಬೆಲೆ 25 ಡಾಲರ್. ಜೋಡಿ ಯಾರು ಅಂತ ಸರಿಯಾಗಿ ಊಹಿಸುವುದು ಬೇರೆ, ದುಡ್ಡು ಮಾಡುವುದು ಬೇರೆ.

ಅಂಗಡಿಯಲ್ಲಿ ಯಾವ ಫೋನ್ ಇದೆ?

ಇದು ಸುಲಭದ ಪರೀಕ್ಷೆ, ಆದರೂ ಜನ ಮರೆಯುತ್ತಾರೆ. ಎರಡು ಜಾಲ ಕೂಡಬೇಕಾದರೆ ಎರಡನ್ನೂ ಹಿಡಿಯುವ ಫೋನ್ ಬೇಕು. ಎಚ್‌ಟಿಸಿ ಇವೋ 4ಜಿ 2010ರ ಜೂನ್‌ನಲ್ಲಿ ಸ್ಪ್ರಿಂಟ್‌ಗೆ ಬಂದಾಗ ಅಮೆರಿಕದ ಮೊದಲ ವೈಮ್ಯಾಕ್ಸ್ ಫೋನ್ ಅದೇ. ಆಮೇಲೆ 2011ರ ಅಕ್ಟೋಬರ್‌ನಲ್ಲಿ ಸ್ಪ್ರಿಂಟ್ ಐಫೋನ್ ಮಾರಲು ಶುರು ಮಾಡಿತು. ನಾಲ್ಕು ವರ್ಷಕ್ಕೆ 1,550 ಕೋಟಿ ಡಾಲರ್ ಮೌಲ್ಯದ ಐಫೋನ್ ಕೊಳ್ಳುವ ಹೊಣೆ ಹೊತ್ತಿತು. ಆ ಐಫೋನ್‌ನಲ್ಲಿ ವೈಮ್ಯಾಕ್ಸ್ ಇರಲಿಲ್ಲ. ಅದೇ ತಿಂಗಳು ಸ್ಪ್ರಿಂಟ್ ತಾನೇ 1900 ಮೆಗಾಹರ್ಟ್ಸ್‌ನಲ್ಲಿ ಎಲ್‌ಟಿಇ ಕಟ್ಟುವುದಾಗಿ ಹೇಳಿತು. ಕ್ಲಿಯರ್‌ವೈರ್ ಜೊತೆಗಿನ ಸಂಬಂಧ ಎತ್ತ ಹೋಗುತ್ತಿದೆ ಅಂತ ತಿಳಿಯಲು ಇದಕ್ಕಿಂತ ಏನು ಬೇಕು?

ಹಾಗಾಗಿ ಯಾವುದೇ ಜೋಡಿ ಬಗ್ಗೆ ಸುದ್ದಿ ಬಂದರೆ, ಮುಂದಿನ ದೊಡ್ಡ ಫೋನ್‌ಗಳ ವಿವರದ ಪುಟ ತೆಗೆದು ಬ್ಯಾಂಡ್‌ಗಳ ಸಾಲು ಓದಿ. ಆ ಸಾಲಿನಲ್ಲಿ ಇಲ್ಲದ ಬ್ಯಾಂಡ್ ಮೇಲೆ ಕಟ್ಟುವ ಪಾಲುದಾರಿಕೆಗೆ ಕನಿಷ್ಠ ಎರಡು ಮೂರು ವರ್ಷ ತಡ.

ಪಕ್ಕದ ಮನೆಯವರು ಯಾರು

ಒಪ್ಪಂದ ಮಾಡಿಕೊಂಡ ಇಬ್ಬರನ್ನು ಮಾತ್ರ ನೋಡಿದರೆ ಊಹೆ ಕೆಡುತ್ತದೆ. ಸ್ಪೆಕ್ಟ್ರಂಗೆ ಅಕ್ಕಪಕ್ಕ ಇರುತ್ತದೆ. ಲೈಟ್‌ಸ್ಕ್ವೇರ್ಡ್ ಅನ್ನುವ ಕಂಪನಿ ಉಪಗ್ರಹಕ್ಕೆ ಮೀಸಲಿದ್ದ ಬ್ಯಾಂಡಿನಲ್ಲಿ ನೆಲದ ಮೇಲೆ ಎಲ್‌ಟಿಇ ಟವರ್ ಹಾಕಲು ಹೊರಟಿತು. ಉಪಗ್ರಹ ಮತ್ತು ಟವರ್ ಎರಡೂ, ಅಂದರೆ ಅಪ್ಪಟ ಹೈಬ್ರಿಡ್. 2011ರ ಜುಲೈನಲ್ಲಿ ಸ್ಪ್ರಿಂಟ್ ಜೊತೆ 15 ವರ್ಷದ ಒಪ್ಪಂದ ಆಯಿತು, ಲೈಟ್‌ಸ್ಕ್ವೇರ್ಡ್ ಕೊಡಬೇಕಾದದ್ದು 900 ಕೋಟಿ ಡಾಲರ್ ನಗದು ಅಂತ ಲೆಕ್ಕ. ಕಾಗದದ ಮೇಲೆ ಚಂದದ ಜೋಡಿ: ಸ್ಪ್ರಿಂಟ್‌ಗೆ ಟವರ್ ಇತ್ತು, ಇವರಿಗೆ ಸ್ಪೆಕ್ಟ್ರಂ ಇತ್ತು.

ಆದರೆ ಆ ಬ್ಯಾಂಡ್ 1559 ಮೆಗಾಹರ್ಟ್ಸ್‌ಗೆ ಮುಗಿದರೆ ಅಲ್ಲಿಂದಲೇ ಜಿಪಿಎಸ್ ಶುರು. ಉಪಗ್ರಹದಿಂದ ಬರುವ ಜಿಪಿಎಸ್ ಸಂಕೇತ ತೀರಾ ಕ್ಷೀಣ. ಪಕ್ಕದಲ್ಲೇ ಟವರ್ ಕಿರುಚಿದರೆ ರಿಸೀವರ್‌ಗೆ ಅದು ಕೇಳುವುದಿಲ್ಲ. ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ 2011ರ ಜನವರಿಯಲ್ಲಿ ಕೊಟ್ಟದ್ದು ಷರತ್ತಿನ ಅನುಮತಿ, ಜಿಪಿಎಸ್‌ಗೆ ತೊಂದರೆಯಾಗಬಾರದು ಅಂತ. ವಿಮಾನದವರು, ರೈತರ ಯಂತ್ರ ಮಾಡುವವರು, ಸೇನೆ, ಎಲ್ಲರೂ ವಿರೋಧ ಮಾಡಿದರು. 2012ರ ಫೆಬ್ರುವರಿಯಲ್ಲಿ ಎಫ್‌ಸಿಸಿ ಅನುಮತಿ ಹಿಂತೆಗೆಯಲು ಹೊರಟಿತು, ಮಾರ್ಚ್‌ನಲ್ಲಿ ಸ್ಪ್ರಿಂಟ್ ಒಪ್ಪಂದ ಮುರಿಯಿತು, ಮೇ ತಿಂಗಳಲ್ಲಿ ಲೈಟ್‌ಸ್ಕ್ವೇರ್ಡ್ ದಿವಾಳಿ ಅರ್ಜಿ ಹಾಕಿತು. ‘ಷರತ್ತಿನ ಅನುಮತಿ’ ಅಂತ ಕಂಡರೆ ಷರತ್ತನ್ನು ಓದಿ, ಅದು ಯಾರನ್ನು ಕಾಯುತ್ತಿದೆ ನೋಡಿ, ಅವರಿಗೆ ಎಷ್ಟು ಬಲ ಇದೆ ಅಂತ ಅಳೆಯಿರಿ.

ಕ್ಲಿಯರ್‌ವೈರ್ ಬ್ಯಾಂಡಿಗೂ ಹೀಗೇ ಕಾಣದ ಪಾಲುದಾರರಿದ್ದರು. 2.5 ಗಿಗಾಹರ್ಟ್ಸ್‌ನ ಒಂದು ಭಾಗದ ಲೈಸೆನ್ಸ್ ಶಾಲೆ, ಕಾಲೇಜು, ಶಿಕ್ಷಣ ಸಂಸ್ಥೆಗಳ ಹೆಸರಲ್ಲಿತ್ತು, ಕಂಪನಿ ಬಾಡಿಗೆಗೆ ಪಡೆದಿತ್ತು. 2015ರ ನವೆಂಬರ್‌ನಲ್ಲಿ ವೈಮ್ಯಾಕ್ಸ್ ಮುಚ್ಚಲು ಹೋದಾಗ ಅಂಥ ಎರಡು ಸಂಸ್ಥೆಗಳು ಕೋರ್ಟಿಗೆ ಹೋಗಿ 90 ದಿನ ತಡೆ ತಂದವು. ಕೊನೆಗೆ ಪೂರ್ತಿ ಮುಚ್ಚಿದ್ದು 2016ರಲ್ಲಿ.

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಸುದ್ದಿಗೂ ಇದೇ ಪರೀಕ್ಷೆ. 2011ರ ಮಾರ್ಚ್‌ನಲ್ಲಿ ಅಮೆರಿಕದ ದೊಡ್ಡ ಮೊಬೈಲ್ ಕಂಪನಿ ಎಟಿ ಅಂಡ್ ಟಿ 3,900 ಕೋಟಿ ಡಾಲರ್‌ಗೆ ಎದುರಾಳಿ ಟಿ-ಮೊಬೈಲ್ ಕೊಳ್ಳುತ್ತೇನೆ ಅಂದಿತು. ಡಿಸೆಂಬರ್‌ನಲ್ಲಿ ಸರ್ಕಾರದ ವಿರೋಧಕ್ಕೆ ಕೈಬಿಟ್ಟಿತು. ಆದರೆ ಒಪ್ಪಂದ ಮುರಿದರೆ ಏನು ಕೊಡಬೇಕು ಅಂತ ಮೊದಲೇ ಬರೆದಿತ್ತು: 300 ಕೋಟಿ ಡಾಲರ್ ನಗದು, ಜೊತೆಗೆ ಸ್ಪೆಕ್ಟ್ರಂ. ನುಂಗಬೇಕಿದ್ದ ಕಂಪನಿಗೆ ಸ್ಪೆಕ್ಟ್ರಂ ಕೊಟ್ಟು ಕಳಿಸಿದಂತಾಯಿತು, ಅದು ಮುಂದೆ ಸ್ಪ್ರಿಂಟ್ ಅನ್ನೇ 2020ರಲ್ಲಿ ಸೇರಿಸಿಕೊಂಡಿತು. ಮುರಿದರೆ ಯಾರಿಗೆ ಏನು ಅನ್ನುವ ಕಲಮನ್ನು ಬಿಡದೆ ಓದಿ.

ಕ್ರಿಯಾಪದ ಓದುವುದು ಕಲಿಯಿರಿ

2025ರ ಮಾರ್ಚ್ 11ಕ್ಕೆ ಏರ್‌ಟೆಲ್, 12ಕ್ಕೆ ಜಿಯೋ, ಇಬ್ಬರೂ ಸ್ಪೇಸ್‌ಎಕ್ಸ್ ಕಂಪನಿಯ ಉಪಗ್ರಹ ಇಂಟರ್ನೆಟ್ ಸೇವೆ ಸ್ಟಾರ್‌ಲಿಂಕ್ ಜೊತೆ ಒಪ್ಪಂದ ಅಂತ ಪ್ರಕಟಿಸಿದರು. ಎಲ್ಲ ಕಡೆ ದೊಡ್ಡ ಸುದ್ದಿ. ಹೇಳಿಕೆ ತೆಗೆದು ನಿಧಾನಕ್ಕೆ ಓದಿದರೆ ಏರ್‌ಟೆಲ್‌ನದರಲ್ಲಿ ತಮ್ಮ ಅಂಗಡಿಗಳಲ್ಲಿ ಸ್ಟಾರ್‌ಲಿಂಕ್ ಉಪಕರಣ ಮಾರುವ ಸಾಧ್ಯತೆ ಪರಿಶೀಲಿಸುತ್ತೇವೆ, ಜಾಲ ವಿಸ್ತರಿಸಲು ಹೇಗೆ ನೆರವಾದೀತು ನೋಡುತ್ತೇವೆ ಅಂತ ಇತ್ತು. ಜಿಯೋದಲ್ಲಿ ಮಾರಾಟ, ಮನೆಗೆ ಬಂದು ಜೋಡಿಸಿಕೊಡುವ ವ್ಯವಸ್ಥೆ. ಎರಡಕ್ಕೂ ಸ್ಟಾರ್‌ಲಿಂಕ್‌ಗೆ ಅನುಮತಿ ಸಿಕ್ಕರೆ ಅನ್ನುವ ಷರತ್ತು. ‘ಪರಿಶೀಲಿಸುತ್ತೇವೆ’ ಅಂದರೆ ಜಾಲ ಕೂಡಿತು ಅಂತಲ್ಲ. ಆಗ ಅದು ಅಂಗಡಿ ಬಾಡಿಗೆ ಮಟ್ಟದ ಮಾತು. ಸ್ಪೆಕ್ಟ್ರಂ ಹೆಸರು, ವರ್ಷಗಳ ಅವಧಿ, ರೂಪಾಯಿ ಮೊತ್ತ ಈ ಮೂರೂ ಇಲ್ಲದ ಹೇಳಿಕೆಗೆ ನಾನು ಅರ್ಧ ಅಂಕ ಕೊಡುತ್ತೇನೆ.

ಆದರೂ ಈ ಜೋಡಿಯನ್ನು ಮುಂಚೆ ಊಹಿಸಬಹುದಿತ್ತಾ? ಬಹುದಿತ್ತು. 2024ರಲ್ಲಿ ಜಿಯೋ ಉಪಗ್ರಹ ಸ್ಪೆಕ್ಟ್ರಂ ಹರಾಜು ಹಾಕಲೇಬೇಕು ಅಂತ ಜಗಳವಾಡುತ್ತಿತ್ತು. 2023ರ ದೂರಸಂಪರ್ಕ ಕಾಯ್ದೆ ಅದನ್ನು ಹರಾಜಿಲ್ಲದೆ ಹಂಚುವ ಪಟ್ಟಿಯಲ್ಲಿ ಸೇರಿಸಿತ್ತು, ಸಚಿವರೂ 2024ರ ಅಕ್ಟೋಬರ್‌ನಲ್ಲಿ ಅದನ್ನೇ ಖಚಿತಪಡಿಸಿದರು. ಗೆಲ್ಲಲಾಗದ ಜಗಳ ಅಂತ ಗೊತ್ತಾದ ಮೇಲೆ ಉಳಿಯುವುದು ವ್ಯಾಪಾರ. ಇಬ್ಬರಿಗೂ ಊರೂರಲ್ಲಿ ಅಂಗಡಿ ಇದೆ, ಸ್ಟಾರ್‌ಲಿಂಕ್‌ಗೆ ಇಲ್ಲ. ಇಲ್ಲೂ ಖಾಲಿ ಮನೆಯ ಲೆಕ್ಕವೇ.

ಅಂದಹಾಗೆ ಇಬ್ಬರೂ ಒಬ್ಬರ ಹಿಂದೊಬ್ಬರು ಸಹಿ ಹಾಕಿದ್ದೇ ಒಂದು ಸುಳಿವು. ಯಾರಿಗೂ ಏಕಸ್ವಾಮ್ಯ ಇಲ್ಲ. ಜಿಯೋಗೆ ಎಸ್‌ಇಎಸ್ ಅನ್ನುವ ಉಪಗ್ರಹ ಕಂಪನಿ ಜೊತೆ 2022ರಿಂದಲೇ ಬೇರೆ ಜಂಟಿ ಕಂಪನಿ ಇದೆ, ಏರ್‌ಟೆಲ್ ಗುಂಪಿಗೆ ಯೂಟೆಲ್‌ಸ್ಯಾಟ್ ಒನ್‌ವೆಬ್ ಅನ್ನುವ ಇನ್ನೊಂದು ಉಪಗ್ರಹ ಕಂಪನಿಯಲ್ಲಿ ಪಾಲಿದೆ. ಎರಡೂ ಕಡೆ ಹೀಗೆ ಇನ್ನೊಂದು ಬಾಗಿಲು ತೆರೆದಿರುವ ಸಂಬಂಧವನ್ನು ಮದುವೆ ಅಂತ ಬರೆಯಬೇಡಿ.

ಊಹೆಯನ್ನು ಬರೆದಿಡುವುದು

ತಾರೀಕು ಹಾಕಿ ಬರೆಯಿರಿ. ಯಾರು ಯಾರ ಜೊತೆ, ಯಾವ ಬ್ಯಾಂಡ್‌ಗಾಗಿ, ಎಷ್ಟರೊಳಗೆ, ಮತ್ತು ಏನಾದರೆ ಈ ಊಹೆ ಸುಳ್ಳು. ಕೊನೆಯದು ಇಲ್ಲದಿದ್ದರೆ ಅದು ಸುಮ್ನೆ ಹರಟೆ. ‘ಮುಂದೆ ಒಂದು ದಿನ ಸೇರಬಹುದು’ ಅನ್ನುವುದು ಯಾವತ್ತೂ ಸುಳ್ಳಾಗದ ಮಾತು, ಹಾಗಾಗಿ ಪ್ರಯೋಜನವೂ ಇಲ್ಲ.

ಮಾದರಿಗೆ ನನ್ನದೊಂದು. ಟಿ-ಮೊಬೈಲ್ ಮತ್ತು ಸ್ಪೇಸ್‌ಎಕ್ಸ್ 2022ರ ಆಗಸ್ಟ್‌ನಲ್ಲಿ ಫೋನಿಗೆ ನೇರ ಉಪಗ್ರಹ ಸಂಪರ್ಕದ ಯೋಜನೆ ಪ್ರಕಟಿಸಿದವು, 2025ರ ಜುಲೈನಲ್ಲಿ ಸೇವೆ ಮಾರಾಟಕ್ಕೆ ಬಂತು. ಅದರಲ್ಲಿ ಬಳಸಿದ್ದು ಟಿ-ಮೊಬೈಲ್‌ನ ಸ್ಪೆಕ್ಟ್ರಂ, ಸ್ಪ್ರಿಂಟ್ ಜೊತೆ ಬಂದದ್ದು. ಆಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಸ್ಪೇಸ್‌ಎಕ್ಸ್ ಸುಮಾರು 1,700 ಕೋಟಿ ಡಾಲರ್‌ಗೆ ಎಕೋಸ್ಟಾರ್ ಅನ್ನುವ ಉಪಗ್ರಹ ಕಂಪನಿಯಿಂದ ತನ್ನದೇ ಆಗುವಂಥ ಸ್ಪೆಕ್ಟ್ರಂ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅಂದರೆ ಹಾಳೆಯಲ್ಲಿ ಒಂದು ಖಾಲಿ ಮನೆ ತುಂಬುವ ಹಾದಿಯಲ್ಲಿದೆ. ಇಷ್ಟು ನೋಡಿ ‘ಜೋಡಿ ಮುರಿಯಿತು’ ಅನ್ನುವವರು ಇದ್ದಾರೆ. ನಾನು ಹಾಗೆ ಬರೆಯುವುದಿಲ್ಲ. ಸ್ಪೇಸ್‌ಎಕ್ಸ್‌ಗೆ ನೆಲದ ಮೇಲೆ ಟವರ್ ಇಲ್ಲ, ಉಪಗ್ರಹದ ಸಂಕೇತ ಕಟ್ಟಡದ ಒಳಗೆ ಸರಿಯಾಗಿ ಬರುವುದಿಲ್ಲ, ಹೊಸ ಬ್ಯಾಂಡ್ ಹಿಡಿಯುವ ಚಿಪ್ ಇರುವ ಫೋನ್ ಜನರ ಕೈಗೆ ಬರಬೇಕು. ಅಲ್ಲಿವರೆಗೆ ಟವರ್ ಇರುವ ಯಾರಾದರೂ ಒಬ್ಬರು ಬೇಕೇ ಬೇಕು. ನನ್ನ ಹಾಳೆಯಲ್ಲಿ ಬರೆದದ್ದು: ಹೊಸ ಬ್ಯಾಂಡ್ ಇರುವ ದೊಡ್ಡ ಫೋನ್ ಬರುವವರೆಗೆ ಸಂಬಂಧ ಮುಂದುವರಿಯುತ್ತದೆ, ಬಂದ ಮೇಲೆ ಷರತ್ತುಗಳು ಸ್ಪೇಸ್‌ಎಕ್ಸ್ ಕಡೆ ವಾಲುತ್ತವೆ. ಸುಳ್ಳಾಗುವುದು ಯಾವಾಗ: ಅದಕ್ಕೂ ಮುಂಚೆ ಎಟಿ ಅಂಡ್ ಟಿ ಅಥವಾ ವೆರೈಜನ್ ಜೊತೆ, ಎರಡೂ 2024ರಲ್ಲಿ ಫೋನಿಗೆ ನೇರ ಉಪಗ್ರಹ ಸಂಪರ್ಕ ಕೊಡಲು ಹೊರಟ ಎಎಸ್‌ಟಿ ಸ್ಪೇಸ್‌ಮೊಬೈಲ್ ಜೊತೆ ಒಪ್ಪಂದ ಮಾಡಿಕೊಂಡವರು, ಸ್ಪೇಸ್‌ಎಕ್ಸ್ ರೋಮಿಂಗ್ ಒಪ್ಪಂದ ಮಾಡಿಕೊಂಡರೆ.

ಇದೇ ಅಭ್ಯಾಸವನ್ನು ವೊಡಾಫೋನ್ ಐಡಿಯಾ ಮೇಲೆ ಮಾಡಿ ನೋಡಿ. 2025ರ ಜೂನ್‌ನಲ್ಲಿ ಅದೂ ಎಎಸ್‌ಟಿ ಜೊತೆ ಕೈ ಜೋಡಿಸಿದೆ. ಅದೇ ವರ್ಷ ಮಾರ್ಚ್‌ನಲ್ಲಿ ₹36,950 ಕೋಟಿ ಬಾಕಿ ಷೇರಾಗಿ ಬದಲಾಗಿ ಸರ್ಕಾರದ ಪಾಲು ಸುಮಾರು 49% ಆಗುವ ತೀರ್ಮಾನ ಬಂದಿತ್ತು. ದುಡ್ಡಿನ ಕಾಲಮ್ಮಿನಿಂದ ಶುರು ಮಾಡಿ, ಸ್ಪೆಕ್ಟ್ರಂ ಆಮೇಲೆ.